ಮರ ಕಡಿಯಲು ಅನುಮತಿ ಬೇಕು, ಕಡಿಯುವವನಿಗೆ ಅರ್ಹತೆ ಬೇಡವೇ?

ಬೆಂಗಳೂರು: ಏಪ್ರಿಲ್-ಮೇ ತಿಂಗಳಲ್ಲಿ ಮುಂಗಾರು ಪೂರ್ವ ಮಳೆಯ ಮೊದಲ ಬಿರುಗಾಳಿ ಬೀಸಿತೆಂದರೆ ನಗರದ ಮನೆ ಮಾಲೀಕರಿಗೆ ಅಂಗಳದ ಮರ ಥಟ್ಟನೆ ನೆನಪಾಗುತ್ತದೆ. ವರ್ಷಗಳ ಕಾಲ ನೆರಳು, ಹಣ್ಣು ಕೊಟ್ಟ ಮರವೇ ರಾತ್ರಿ ಬೆಳಗಾಗುವಷ್ಟರಲ್ಲಿ ಆತಂಕಕ್ಕೆ ಕಾರಣವಾಗುತ್ತದೆ. ಪರಿಚಯದವರು ಕೊಟ್ಟ ಮೊಬೈಲ್ ಸಂಖ್ಯೆಗೆ ಕರೆ ಹೋಗುತ್ತದೆ. ಹಗ್ಗ, ಕೊಡಲಿ, ಯಂತ್ರದ ಗರಗಸ ಹಿಡಿದ ಮೂರು-ನಾಲ್ಕು ಮಂದಿ ಭಾನುವಾರ ಬೆಳಿಗ್ಗೆ ಬಂದಿಳಿಯುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ಉಳಿಯುವುದು ಒಂದು ಬೊಡ್ಡೆ, ಇಲ್ಲವೇ ತಲೆ ಬೋಳಿಸಿಕೊಂಡು ನಿಂತ ಒಂದು ಕಂಬ. ಭಾನುವಾರವೇ ಏಕೆ ಎಂಬುದಕ್ಕೆ ವಿವರಣೆ ಬೇಕಿಲ್ಲ. ಅಂದು ಸರ್ಕಾರಿ ಕಚೇರಿಗಳಿಗೆ ರಜೆ.

ಈ ಆತಂಕ ನಿರಾಧಾರವಾದುದಲ್ಲ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ ಮಟ್ಟಿಗೆ 1891ರಿಂದ ಉಳಿದುಬಂದಿದ್ದ ದಾಖಲೆಯನ್ನು ಮುರಿದಾಗ ನೂರಾರು ಮರಗಳು ಧರೆಗುರುಳಿದವು. 2025ರ ಜೂನ್‌ನಲ್ಲಿ ರಸ್ತೆಬದಿಯ ಮರದ ಕೊಂಬೆ ಮುರಿದು ಬಿದ್ದು ತೀವ್ರವಾಗಿ ಗಾಯಗೊಂಡ ಯುವಕನೊಬ್ಬ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಇಂಥ ಸುದ್ದಿ ಓದಿದವರು ತಮ್ಮ ಕಾಂಪೌಂಡಿನೊಳಗಿನ ಮರವನ್ನೂ ಅನುಮಾನದಿಂದ ನೋಡುವುದು ಸಹಜವೇ. ಆದರೆ ಆ ಅನುಮಾನವನ್ನು ಪರಿಹರಿಸಲು ಅವರು ಯಾರನ್ನು ಕರೆಯಬೇಕು? ಈ ಸರಳ ಪ್ರಶ್ನೆಗೆ ರಾಜ್ಯದ ವ್ಯವಸ್ಥೆಯಲ್ಲಿ ಸಮರ್ಪಕ ಉತ್ತರವಿಲ್ಲ.

ಕಾನೂನು ಏನು ಕೇಳುತ್ತದೆ?

ತಮ್ಮ ನಿವೇಶನದಲ್ಲಿ ತಾವೇ ನೆಟ್ಟ ಮರ, ಅದನ್ನು ಏನು ಬೇಕಾದರೂ ಮಾಡಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರ ಪ್ರದೇಶದಲ್ಲಿ ಖಾಸಗಿ ಜಾಗದ ಮರವನ್ನು ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ‘ಕಡಿಯುವುದು’ ಎಂಬ ಪದಕ್ಕೆ ಕಾಯ್ದೆ ನೀಡಿರುವ ಅರ್ಥವೂ ವಿಶಾಲವಾದುದು. ಬುಡಸಹಿತ ಉರುಳಿಸುವುದಷ್ಟೇ ಅಲ್ಲ, ಕೊಂಬೆಗಳನ್ನು ಸವರುವುದು, ತಲೆ ಬೋಳಿಸುವುದು, ತೊಗಟೆಯನ್ನು ಸುತ್ತಲೂ ಕೆತ್ತುವುದು, ವಿಷ ಹಾಕುವುದು, ಸುಡುವುದು ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ.

ಹಾಗೆಂದು ಕಾಯ್ದೆ ಮನೆ ಮಾಲೀಕನ ವಿರೋಧಿಯೇನಲ್ಲ. ಒಣಗಿದ, ರೋಗ ತಗುಲಿದ, ಗಾಳಿಗೆ ಬಿದ್ದ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಒಡ್ಡುವ ಮರವನ್ನು ತೆಗೆಯಲು ಅನುಮತಿ ನಿರಾಕರಿಸುವಂತಿಲ್ಲ ಎಂದೂ ಅದು ಹೇಳುತ್ತದೆ. ಬದಲಿಗೆ ಬೇರೆ ಸಸಿ ನೆಡುವ ಷರತ್ತನ್ನು ವಿಧಿಸುತ್ತದೆ. ತೊಡಕಿರುವುದು ಬೇರೆ ಕಡೆ. ಯಾವ ಮರ, ಏಕೆ ಕಡಿಯಬೇಕು ಎಂದು ಪ್ರಶ್ನಿಸುವ ಕಾನೂನು, ಯಾರು ಕಡಿಯುತ್ತಾರೆ, ಹೇಗೆ ಕಡಿಯುತ್ತಾರೆ ಎಂದು ಕೇಳುವುದಿಲ್ಲ. ಮನೆಗೆ ವಿದ್ಯುತ್ ಸಂಪರ್ಕ ಪಡೆಯಲು ಪರವಾನಗಿ ಪಡೆದ ಗುತ್ತಿಗೆದಾರನ ಸಹಿ ಬೇಕು. ಆದರೆ ಹಲವು ಟನ್ ತೂಗುವ ಮರವನ್ನು ಎರಡು ಮನೆಗಳ ನಡುವೆ ಇಳಿಸುವವನಿಗೆ ಯಾವ ಪರವಾನಗಿಯೂ ಬೇಡ. ಪಾಶ್ಚಾತ್ಯ ದೇಶಗಳಲ್ಲಿ ವೃಕ್ಷ ಆರೈಕೆ ಪ್ರತ್ಯೇಕ ವೃತ್ತಿಯಾಗಿ ಬೆಳೆದು ಕಾಲವಾಯಿತು. 1924ರಲ್ಲೇ ಅಮೆರಿಕದಲ್ಲಿ ಹುಟ್ಟಿದ ಸಂಘಟನೆಯೊಂದು ಇಂದು ಅಂತರರಾಷ್ಟ್ರೀಯ ಮಟ್ಟದಲ್ಲಿ ವೃಕ್ಷ ತಜ್ಞರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುತ್ತಿದೆ. ಅಲ್ಲಿ ಪ್ರಮಾಣಪತ್ರ ಮತ್ತು ವಿಮೆ ಎರಡನ್ನೂ ವಿಚಾರಿಸಿದ ಬಳಿಕವೇ ಕೆಲಸ ಒಪ್ಪಿಸಬೇಕೆಂಬುದು ಮನೆ ಮಾಲೀಕರಿಗೆ ಸಿಗುವ ಮೊದಲ ಸಲಹೆ.

ಉಚಿತ ಸೇವೆಯ ಗುಟ್ಟು

ಇಲ್ಲಿನ ವ್ಯವಹಾರದ ಲೆಕ್ಕಾಚಾರವೇ ಮರಕ್ಕೆ ಪ್ರತಿಕೂಲವಾಗಿದೆ. ಹಲಸು, ಮಾವು, ತೇಗದಂತಹ ಮರವಾದರೆ ಕಡಿಯುವವರು ಕೂಲಿ ಬಿಟ್ಟು ದಿಮ್ಮಿಯನ್ನೇ ಒಯ್ಯುತ್ತಾರೆ. ಕೆಲವೊಮ್ಮೆ ಮಾಲೀಕನ ಕೈಗೇ ಒಂದಿಷ್ಟು ಹಣ ಕೊಡುತ್ತಾರೆ. ಮಾಲೀಕನಿಗೆ ಇದು ಲಾಭವೆಂದೇ ತೋರುತ್ತದೆ. ಆದರೆ ಹೆಚ್ಚು ಕಡಿದಷ್ಟೂ ಹೆಚ್ಚು ಆದಾಯ ಎಂಬ ಸ್ಥಿತಿಯಲ್ಲಿರುವವನಿಂದ ‘ಒಂದು ಕೊಂಬೆ ತೆಗೆದರೆ ಸಾಕು’ ಎಂಬ ಸಲಹೆ ಹೇಗೆ ಬಂದೀತು? ಸಾಮಿಲ್ ದರ ನೋಡಿ ರೋಗ ನಿರ್ಣಯ ಮಾಡುವ ವೈದ್ಯ ಅವನು. ಇದಕ್ಕೆ ಅವನೊಬ್ಬನನ್ನೇ ದೂರುವಂತೆಯೂ ಇಲ್ಲ. ಸವರುವ ಕೆಲಸಕ್ಕೆ ಸರಿಯಾದ ಕೂಲಿ ಕೊಡಲು ಎಷ್ಟು ಮಾಲೀಕರು ಸಿದ್ಧರಿದ್ದಾರೆ?

ಅಪಾಯ ತಪ್ಪಿಸಲೆಂದು ಮಾಡಿಸಿದ ಕೆಲಸವೇ ಮುಂದಿನ ಅಪಾಯಕ್ಕೆ ಬೀಜ ಬಿತ್ತುವುದೂ ಉಂಟು. ಮರದ ತಲೆಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಂಡದ ಹೊರಪದರದಿಂದ ಒಮ್ಮೆಲೇ ಹತ್ತಾರು ಚಿಗುರುಗಳು ಏಳುತ್ತವೆ. ನೋಡಲು ಮರ ಮತ್ತೆ ಹಸಿರಾದಂತೆ ಕಾಣುತ್ತದೆ. ಆದರೆ ಸಹಜ ಕೊಂಬೆ ಕಾಂಡದೊಂದಿಗೆ ವರ್ಷಗಟ್ಟಲೆ ಬೆಸೆದುಕೊಂಡು ಬೆಳೆದಂತೆ ಇವು ಬೆಸೆದಿರುವುದಿಲ್ಲ. ಮೇಲ್ಮೈಗೆ ಅಂಟಿಕೊಂಡಿರುತ್ತವೆ ಅಷ್ಟೆ. ಕೆಳಗೆ ಕತ್ತರಿಸಿದ ಜಾಗ ಕೊಳೆಯುತ್ತಿರುತ್ತದೆ, ಮೇಲೆ ಚಿಗುರು ದಪ್ಪವಾಗುತ್ತಿರುತ್ತದೆ. ಕೆಲವು ವರ್ಷಗಳ ಬಳಿಕ ಮಳೆಗಾಳಿಗೆ ಮುರಿದು ಬೀಳುವುದು ಇಂಥ ಕೊಂಬೆಗಳೇ.

ಮರದ ಗಾಯ ಪ್ರಾಣಿಗಳ ಗಾಯದಂತೆ ಮಾಯುವುದಿಲ್ಲ, ಮರ ಅದನ್ನು ಸುತ್ತಲಿನಿಂದ ಮುಚ್ಚಿ ಒಳಗೇ ಪ್ರತ್ಯೇಕಿಸುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ತೋರಿಸಿದರು. ಕೊಂಬೆ ಕಾಂಡವನ್ನು ಸೇರುವಲ್ಲಿ ಉಂಗುರದಂಥ ಉಬ್ಬೊಂದು ಇರುತ್ತದೆ. ಗಾಯವನ್ನು ಮುಚ್ಚುವ ಶಕ್ತಿ ಇರುವುದು ಅಲ್ಲಿಯೇ. ಆ ಉಬ್ಬಿನ ಆಚೆಗೆ ಕತ್ತರಿಸಬೇಕು. ಕಾಂಡಕ್ಕೆ ಸಮನಾಗಿ ನುಣ್ಣಗೆ ಕತ್ತರಿಸಿದರೂ ತಪ್ಪು, ಮೋಟು ಬಿಟ್ಟರೂ ತಪ್ಪು. ದಪ್ಪ ಕೊಂಬೆಯಾದರೆ ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಅರ್ಧದಷ್ಟು ಕೊಯ್ದು, ಬಳಿಕ ಅದರಿಂದ ತುಸು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಮೋಟನ್ನು ಉಬ್ಬಿನ ಬಳಿ ತೆಗೆಯುವುದು ಸರಿಯಾದ ಕ್ರಮ. ಒಂದೇ ಏಟಿಗೆ ಮೇಲಿನಿಂದ ಕಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಡಾಂಬರು, ಪೇಂಟ್ ಬಳಿಯುವುದರಿಂದ ಕೊಳೆಯುವುದು ನಿಲ್ಲದು ಎಂಬುದೂ ಈಗ ಒಪ್ಪಿತ ವಿಚಾರ. ಒಂದು ಬಾರಿಗೆ ಎಲೆಚಪ್ಪರದ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಕ್ಷೇಮ.

ಬುಡದತ್ತ ನೋಟ

ವಾಸ್ತವದಲ್ಲಿ ಮನೆ ಮಾಲೀಕ ಹೆದರಬೇಕಾದುದು ಎತ್ತರಕ್ಕಲ್ಲ, ಬುಡದಲ್ಲಿ ನಡೆದಿರುವ ಅನಾಹುತಕ್ಕೆ. ಮರದ ಬೇರುಗಳ ಬಹುಪಾಲು ನೆಲದ ಮೇಲ್ಪದರದ ಎರಡಡಿಯೊಳಗೇ ಅಡ್ಡಡ್ಡ ಹರಡಿರುತ್ತದೆ. ಒಳಚರಂಡಿ ಕೊಳವೆಗೆಂದು ಒಂದು ಬದಿ ಗುಂಡಿ ತೋಡಿ ಬೇರು ಕತ್ತರಿಸಿ, ಉಳಿದ ಮೂರು ಬದಿಗೆ ಕಾಂಕ್ರೀಟ್ ಸುರಿದ ಮೇಲೆ ಆ ಮರ ನಿಂತಿರುವುದೇ ವಿಸ್ಮಯ. ಬುಡದಲ್ಲಿ ಗಟ್ಟಿಯಾದ ಅಣಬೆ ಮೂಡುವುದು, ಒಂದು ಬದಿಯ ಮಣ್ಣು ಬಿರುಕು ಬಿಟ್ಟು ಮೇಲೇಳುವುದು, ಇದ್ದಕ್ಕಿದ್ದಂತೆ ಮರ ವಾಲುವುದು, ಇವು ಕೂಡಲೇ ಪರಿಣತರಿಗೆ ತೋರಿಸಬೇಕಾದ ಲಕ್ಷಣಗಳು. ಮೊದಲಿನಿಂದಲೂ ಬಾಗಿಯೇ ಬೆಳೆದ ಮರ, ಪೊಟರೆ ಇರುವ ಮರ ಅಷ್ಟರಿಂದಲೇ ಅಪಾಯಕಾರಿಯಾಗುವುದಿಲ್ಲ. ಸುತ್ತಲಿನ ಗೋಡೆ ದಪ್ಪವಾಗಿದ್ದರೆ ಟೊಳ್ಳು ಕಾಂಡವೂ ಕೊಳವೆಯಂತೆ ಭಾರ ತಡೆಯಬಲ್ಲದು. ಮಾವಿನ ಕಾಂಡದ ರಂಧ್ರದಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕಾಂಡಕೊರಕ ಹುಳು ಹೊಕ್ಕಿದೆ ಎಂದರ್ಥ. ಬಂದಳಿಕೆ ಹಬ್ಬಿದ್ದರೆ ಅದು ಬೇರೂರಿದ ಕೊಂಬೆಯ ಭಾಗಸಮೇತ ತೆಗೆಸಬೇಕು, ಮೇಲಿನ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ.

ಬೆಂಗಳೂರಿನ ಮಟ್ಟಿಗೆ ವಯಸ್ಸಿನ ಪ್ರಶ್ನೆಯೂ ಇದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ನೆಟ್ಟ ಸುಮಾರು 15 ಲಕ್ಷ ಸಸಿಗಳ ಪೈಕಿ ಉಳಿದವು ಇಂದು ನಾಲ್ಕು ದಶಕ ದಾಟಿವೆ. ಅದೇ ಕಾಲದ ಬಡಾವಣೆಗಳಲ್ಲಿ ಜನರೂ ಗೇಟಿನ ಪಕ್ಕ ಬೇಗ ಬೆಳೆಯುವ ಗುಲ್‌ಮೊಹರ್‌ನಂಥ ಮರಗಳನ್ನು ನೆಟ್ಟರು. ಗುಲ್‌ಮೊಹರ್‌ನ ಕೊಂಬೆ ಪೆಡಸು, ಬೇರು ಆಳಕ್ಕಿಳಿಯದು. ಇಂಥವುಗಳಿಗೆ ವರ್ಷಕ್ಕೊಮ್ಮೆ ತಪಾಸಣೆ ಬೇಕೇ ಹೊರತು ಹತ್ತು ವರ್ಷಕ್ಕೊಮ್ಮೆ ಕೊಡಲಿಯಲ್ಲ.

ಹಾಗಾದರೆ ಕೆಲಸ ಒಪ್ಪಿಸುವ ಮುನ್ನ ಕೇಳಬೇಕಾದುದೇನು? ಯಾವ ಕೊಂಬೆ, ಎಲ್ಲಿ ಕತ್ತರಿಸಲಾಗುತ್ತದೆ, ಕೂಲಿ ಎಷ್ಟು, ಕಟ್ಟಿಗೆ ಯಾರಿಗೆ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳುವುದು ಒಳಿತು. ಕೂಲಿ ಮತ್ತು ಕಟ್ಟಿಗೆಯ ಲೆಕ್ಕ ಬೇರೆ ಬೇರೆ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸುತ್ತಾರೆಯೇ, ಹಾಗೇ ಬೀಳಿಸುತ್ತಾರೆಯೇ ಎಂದು ವಿಚಾರಿಸಬೇಕು. ತಂತಿ ಹತ್ತಿರವಿದ್ದರೆ ವಿದ್ಯುತ್ ಸರಬರಾಜು ಕಂಪನಿಗೆ ತಿಳಿಸಿ (ಬೆಂಗಳೂರಿನಲ್ಲಿ ಬೆಸ್ಕಾಂ ಸಹಾಯವಾಣಿ 1912) ವಿದ್ಯುತ್ ಕಡಿತವಾಗುವವರೆಗೆ ಯಾರನ್ನೂ ಮರ ಹತ್ತಿಸಬಾರದು.

ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಅಪಾಯ ಎದುರಿಸುವವನು ಮರದ ಮೇಲಿರುವ ಕೂಲಿಯಾಳು. ಬಹುತೇಕ ಸಂದರ್ಭಗಳಲ್ಲಿ ಅವನ ತಲೆಗೆ ಹೆಲ್ಮೆಟ್ ಇಲ್ಲ, ಸೊಂಟಕ್ಕೆ ಸುರಕ್ಷಾ ಪಟ್ಟಿಯಿಲ್ಲ, ಹೆಸರಿಗೊಂದು ವಿಮೆಯಿಲ್ಲ. ಬರಿಗಾಲಲ್ಲಿ ಹತ್ತುವ ಅವನ ನೈಪುಣ್ಯ ಮಾತ್ರ ಅಪಾರ. ಈ ನೈಪುಣ್ಯಕ್ಕೆ ಒಂದಿಷ್ಟು ವೈಜ್ಞಾನಿಕ ತರಬೇತಿ, ಸಲಕರಣೆ ಸೇರಿಸಿ, ತರಬೇತಾದ ತಂಡಗಳ ಪಟ್ಟಿಯನ್ನು ಅರಣ್ಯ ಇಲಾಖೆಯೋ ನಗರಪಾಲಿಕೆಯೋ ಪ್ರಕಟಿಸುವುದು ಭಾರಿ ವೆಚ್ಚದ ಕೆಲಸವೇನಲ್ಲ. ಸಣ್ಣ ಕೊಂಬೆ ಸವರುವುದಕ್ಕೂ ಮರ ಉರುಳಿಸುವುದಕ್ಕೂ ಒಂದೇ ಅನುಮತಿಯ ದಾರಿ ಇರುವವರೆಗೆ ಭಾನುವಾರದ ಕೊಡಲಿ ನಿಲ್ಲುವುದು ಕಷ್ಟ.

ಸದ್ಯಕ್ಕೆ ಮಾಲೀಕನ ಕೈಯಲ್ಲಿರುವುದು ಕಾಲದ ಆಯ್ಕೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ನಗರಪಾಲಿಕೆಗಳು ಬಂದಿರುವುದರಿಂದ ಬೆಂಗಳೂರಿಗರು ತಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಮೇ ತಿಂಗಳ ಗಾಳಿಗೆ ಹೆದರಿ ಕೊಟ್ಟ ಅರ್ಜಿಯ ಮೇಲೆ ಸ್ಥಳ ಪರಿಶೀಲನೆ ಮುಗಿಯುವಷ್ಟರಲ್ಲಿ ಮುಂಗಾರು ಬಂದಿರುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಅರ್ಜಿ ಕೊಟ್ಟರೆ ಪರಿಶೀಲನೆಗೂ ಸಮಯ ಸಿಗುತ್ತದೆ, ಒಣ ಹವೆಯಲ್ಲಿ ಕೆಲಸವೂ ಮುಗಿಯುತ್ತದೆ. ಮಾವಿನ ಮರವನ್ನು ಮಾತ್ರ ಆ ಹೊತ್ತಿಗೆ ಮುಟ್ಟುವುದು ಬೇಡ. ಹೂ ಬಿಡುವ ಕಾಲ ಅದು, ಕೊಯ್ಲು ಮುಗಿದ ಮೇಲೆ ಸವರಿಸಬಹುದು.