ಮರುಭೂಮಿಯ ಹಿಮ ಮತ್ತು ಒಂದು ಹಿಡಿ ಮಣ್ಣು

ಚಳಿಗಾಲದ ಕೊನೆಯಲ್ಲಿ ನಮ್ಮೂರಿನ ವಿದ್ಯಾರ್ಥಿಯೊಬ್ಬ ಲಡಾಖಿನ ಝಂಸ್ಕಾರ್ ಕಣಿವೆಗೆ ಛಾಯಾಚಿತ್ರ ಪ್ರವಾಸ ಹೋಗಿಬಂದ. ಮರುಭೂಮಿಯಲ್ಲಿ ಹಿಮವನ್ನು ಸೆರೆಹಿಡಿಯಬೇಕೆಂಬುದು ಅವನ ಹಂಬಲವಾಗಿತ್ತು. ತಂದ ಚಿತ್ರಗಳು ನಿಜಕ್ಕೂ ಮನೋಹರವಾಗಿದ್ದವು. ಒಂದರಲ್ಲಿ ಮಾತ್ರ ಹೊಲಗಳ ಬಿಳುಪಿನ ನಡುವೆ ಅಲ್ಲಲ್ಲಿ ಕಪ್ಪು ಕಲೆಗಳಿದ್ದವು. "ಸಾರ್, ಇಲ್ಲಿ ಹಿಮ ಕೊಳೆಯಾಗಿದೆ. ಕಂಪ್ಯೂಟರಿನಲ್ಲಿ ಅಳಿಸಿಬಿಡುತ್ತೇನೆ" ಎಂದ. ಅದು ಕೊಳೆಯಲ್ಲ, ಬೇಸಾಯ ಎಂದು ತಿಳಿಸಲು ಈ ಬರಹ.

ಹಿಮಾಲಯದ ಶ್ರೇಣಿಗಳು ಮುಂಗಾರನ್ನು ತಡೆಯುವುದರಿಂದ ಲಡಾಖ್ ಮಳೆನೆರಳಿನ ನಾಡಾಗಿದೆ. ಲೇಹ್ ಪಟ್ಟಣದಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರ. ನಮ್ಮ ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ ಅಷ್ಟು ಸುರಿಯುವುದುಂಟು. ಝಂಸ್ಕಾರಿನಲ್ಲಿ ಪಶ್ಚಿಮದ ಮಾರುತಗಳು ತರುವ ಹಿಮ ಇನ್ನಷ್ಟು ಹೆಚ್ಚು. ಅದು ಕರಗಿದ ನೀರೇ ಅಲ್ಲಿನ ಜವೆಗೋಧಿ, ಬಟಾಣಿಗಳಿಗೆ ಆಧಾರ.

ಆದರೆ ಅಲ್ಲಿ ಬೇಸಿಗೆ ಅಲ್ಪಕಾಲದ್ದು, ಬೆಳೆ ಒಂದೇ. ಹೊಲದ ಹಿಮ ತಡವಾಗಿ ಕರಗಿದರೆ ಬಿತ್ತನೆ ತಡವಾಗುತ್ತದೆ. ಕಾಳು ಬಲಿಯುವ ಮುನ್ನವೇ ಚಳಿ ಮರಳುತ್ತದೆ. ಆದುದರಿಂದ ರೈತರು ಮೊದಲೇ ಮಣ್ಣನ್ನು ಮನೆಯಲ್ಲಿ ಕೂಡಿಟ್ಟು, ವಸಂತದ ಆರಂಭದಲ್ಲಿ ಹಿಮದ ಮೇಲೆ ಎರಚುತ್ತಾರೆ. ಬಿಳಿಯ ಹಿಮ ಬಿಸಿಲನ್ನು ಪ್ರತಿಫಲಿಸುತ್ತದೆ. ಕಪ್ಪು ಮಣ್ಣು ಅದನ್ನು ಹೀರಿಕೊಂಡು ಹಿಮವನ್ನು ಬೇಗ ಕರಗಿಸುತ್ತದೆ. ನಾವು ಪುಸ್ತಕದಿಂದ ಕಲಿತುದನ್ನು ಅವರು ಹೊಲದಲ್ಲಿ ಕಲಿತರು.

ಬಿತ್ತನೆಯ ವೇಳೆಗೆ ನೀರಿನ ಅಭಾವ ಬೇರೆ. ಎತ್ತರದ ಹಿಮನದಿಗಳು ಚೆನ್ನಾಗಿ ಕರಗತೊಡಗುವುದು ಬೇಸಿಗೆಯಲ್ಲಿ. ಈ ಕೊರತೆ ನೀಗಲೆಂದೇ ಇಂಜಿನಿಯರ್ ಚೆವಾಂಗ್ ನೋರ್ಫೆಲ್ ಅವರು 1980ರ ದಶಕದಿಂದ ಊರುಗಳ ಸಮೀಪ ಕೃತಕ ಹಿಮನದಿಗಳನ್ನು ನಿರ್ಮಿಸಿದರು. 2013–14ರ ಚಳಿಗಾಲದಲ್ಲಿ ಸೋನಮ್ ವಾಂಗ್ಚುಕ್ ಅವರು ಹಿಮಸ್ತೂಪದ ಪ್ರಯೋಗ ನಡೆಸಿದರು. ಪ್ರವಾಸಿಗೆ ನೋಟವಾದುದು ರೈತನಿಗೆ ನೀರಿನ ಕಣಜ.

ಹಿಮ ಬೀಳದ ವರ್ಷ ಪ್ರವಾಸಿಗೆ ನಷ್ಟವಾಗುವುದು ಕೆಲವು ಚಿತ್ರಗಳು. ರೈತನಿಗೆ ನಷ್ಟವಾಗುವುದು ವರ್ಷದ ಅನ್ನ. ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹೋದವರು ಊರಿನವರ ಮನೆಯಲ್ಲೇ ತಂಗಲಿ, ನೀರು ಬೇಡದ ಅಲ್ಲಿನ ಒಣ ಶೌಚಾಲಯವನ್ನು ಹೀಯಾಳಿಸದೆ ಬಳಸಲಿ, ಹಿಮದಡಿಯ ಹೊಲಗಳ ಮೇಲೆ ವಾಹನ ಓಡಿಸದಿರಲಿ. ಮಳೆಗಾಲದಲ್ಲಿ ನಮ್ಮ ಜಲಪಾತಗಳ ಚಿತ್ರ ತೆಗೆಯುವವರು ಪಕ್ಕದ ಗದ್ದೆಯಲ್ಲಿ ನಾಟಿ ಮಾಡುವವರನ್ನು ಚೌಕಟ್ಟಿನಿಂದ ಹೊರಗಿಡುವಾಗ ನಮಗಾಗುವ ನೋವನ್ನು ಮಲೆನಾಡಿಗರಾದ ನಾವು ಅಲ್ಲಿ ಮರೆಯಬಾರದು.

ಆ ಹುಡುಗ ಕಪ್ಪು ಕಲೆಗಳನ್ನು ಅಳಿಸಲಿಲ್ಲ. ಅವನು ತೆಗೆದವುಗಳಲ್ಲಿ ಅದೇ ಅತ್ಯುತ್ತಮ ಚಿತ್ರವೆಂಬುದು ನನ್ನ ಅಭಿಪ್ರಾಯ.