ತಂತಿಗೂ ಒಬ್ಬ ನೀರುಗಂಟಿ ಬೇಕು



ಕಬ್ಬಿನ ಬೆಲೆ, ಭತ್ತದ ಬೆಲೆ, ಸಾಲದ ಬಡ್ಡಿ ಇವುಗಳ ಮಾತನ್ನೇ ಓದುತ್ತಾ ಬಂದಿರುವ ನಿಮಗೆ, ಈ ತಿಂಗಳು ತಂತಿಯ ಮಾತು ಯಾಕಪ್ಪಾ ಅನ್ನಿಸಬಹುದು. ತಂತಿ ಅಂದರೆ ಕರೆಂಟಿನ ತಂತಿ ಅಲ್ಲ. ರಸ್ತೆ ಬದಿ ನೆಲ ಅಗೆದು, ಹೂತು, ಪಂಚಾಯ್ತಿ ಕಚೇರಿವರೆಗೆ ಎಳೆದಿರುವ ಗಾಜಿನ ಎಳೆಯ ಕೇಬಲ್ಲು. ಇಂಟರ್‌ನೆಟ್ಟು ಓಡಾಡುವುದು ಅದರೊಳಗೆ. ಸರ್ಕಾರ ಅದಕ್ಕಿಟ್ಟಿರುವ ಹೆಸರು ಭಾರತ್‌ನೆಟ್. ಅದಕ್ಕೂ ನಮ್ಮ ಬೆಲೆ, ಸಾಲಕ್ಕೂ ಏನು ಸಂಬಂಧ ಎಂದು ಕೇಳಿದರೆ, ಇವತ್ತು ಸಂಬಂಧ ಇಲ್ಲದ್ದು ಯಾವುದಿದೆ ಎಂದು ನಾವು ಕೇಳಬೇಕಾಗಿದೆ.

ಲೆಕ್ಕ ಹಾಕಿ ನೋಡಿ. 2000ದ ಸುಮಾರಿಗೆ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು; ಕೈಬರಹದ ಪಹಣಿ ನಡೆಯುವುದಿಲ್ಲ ಅಂದರು. ಆಮೇಲೆ ಬೆಳೆ ವಿಮೆ ಸಂರಕ್ಷಣೆ ಪೋರ್ಟಲ್ಲಿಗೆ ಹೋಯಿತು. ಬೆಳೆ ಸಮೀಕ್ಷೆ ಮೊಬೈಲ್ ಆ್ಯಪಿಗೆ ಹೋಯಿತು. ಈಗ ಫ್ರೂಟ್ಸ್‌ನಲ್ಲಿ ಎಫ್‌ಐಡಿ ನಂಬರ್ ಇಲ್ಲದವನ ರಾಗಿಯನ್ನು ಬೆಂಬಲ ಬೆಲೆಗೆ ಕೊಳ್ಳುವುದಿಲ್ಲ. ಬ್ಯಾಂಕಿನವರು ಸಾಲ ಕೊಡುವ ಮುಂಚೆ ನೋಡುವುದೂ ಅದನ್ನೇ. ಪಿಎಂ ಕಿಸಾನ್ ಹಣ ಬರಬೇಕಾದರೆ ಇ-ಕೆವೈಸಿ. ವ್ಯವಸಾಯ ಸೇವಾ ಸಹಕಾರ ಸಂಘಗಳನ್ನು ಕಂಪ್ಯೂಟರಿಗೆ ತರಲು 2022ರಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿ ಮಂಜೂರು ಮಾಡಿತು. ಅಂದರೆ ರೈತನ ಜಮೀನು, ಬೆಳೆ, ವಿಮೆ, ಸಾಲ ಎಲ್ಲವೂ ತಂತಿಯೊಳಗೆ ಹೋಗಿ ಕೂತಿವೆ. ತಂತಿ ಮಾತ್ರ ಊರೊಳಗೆ ಬಂದಿಲ್ಲ. ಬಂದ ಕಡೆ ಜೀವ ಇರುವುದಿಲ್ಲ. ನೋಂದಣಿಯ ಕಡೇ ದಿವಸ ‘ಸರ್ವರ್ ಡೌನ್’ ಎಂಬ ಮಾತು ಕೇಳಿ ವಾಪಸು ಬರದ ರೈತ ಯಾವ ಊರಿನಲ್ಲಿದ್ದಾನೆ?

ಈ ಯೋಜನೆ ನಿನ್ನೆ ಮೊನ್ನೆಯದಲ್ಲ. 2011ರ ಅಕ್ಟೋಬರಿನಲ್ಲಿ ಮನಮೋಹನ್ ಸಿಂಗರ ಸಚಿವ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಕೇಬಲ್ ಎಳೆಯುತ್ತೇವೆ, ಸುಮಾರು 20 ಸಾವಿರ ಕೋಟಿ ಖರ್ಚು, ಎರಡು ವರ್ಷದ ಕೆಲಸ ಎಂದರು. ಎರಡು ವರ್ಷ ಕಳೆಯಿತು, ಕೆಲಸ ಆಗಲಿಲ್ಲ. 2014ರಲ್ಲಿ ಬಂದ ಹೊಸ ಸರ್ಕಾರದವರು, ಹಿಂದಿನವರು ಎಳೆದದ್ದು ಬರೀ 358 ಕಿಲೋಮೀಟರ್ ಎಂದು ಹಂಗಿಸಿದರು. ಹಳಬರು, ನಮ್ಮ ಯೋಜನೆಗೆ ಹೊಸ ಹೆಸರಿಟ್ಟು ನಿಮ್ಮದು ಅನ್ನುತ್ತೀರಲ್ಲಾ ಎಂದು ತಿರುಗಿಬಿದ್ದರು. 2017ರ ಕೊನೆಗೆ ಒಂದು ಲಕ್ಷ ಪಂಚಾಯ್ತಿಯ ಮೊದಲ ಹಂತ ಮುಗಿಯಿತು ಅಂದರು. ನಮ್ಮ ರಾಜ್ಯದ ಪಂಚಾಯ್ತಿಗಳು ಈ ಮೊದಲ ಹಂತದಲ್ಲೇ ಸೇರಿದ್ದವು. ಅದೇ ವರ್ಷ ಒಟ್ಟು ಖರ್ಚು 42,068 ಕೋಟಿಗೆ ಏರಿತು, 2019ರ ಮಾರ್ಚಿಗೆ ಮುಗಿಸುವ ಮಾತಾಯಿತು. ಅದೂ ಮುಗಿಯಲಿಲ್ಲ. 2020ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಪ್ರಧಾನಿ ಮೋದಿಯವರು, ಸಾವಿರ ದಿನದಲ್ಲಿ ಆರು ಲಕ್ಷ ಹಳ್ಳಿಗೂ ಕೇಬಲ್ ಎಂದರು. ಆ ಸಾವಿರ ದಿನ 2023ರ ಮೇ ತಿಂಗಳಿಗೆ ತುಂಬಿಹೋಯಿತು. ತುಂಬಿದ ಮೂರು ತಿಂಗಳಿಗೆ ಮತ್ತೊಂದು ತಿದ್ದುಪಡಿ ಯೋಜನೆ, ಈ ಸಲ 1,39,579 ಕೋಟಿ.

ಹಣ ಯಾರಪ್ಪನದು? ಇದು ಮುಖ್ಯವಾದ ಪ್ರಶ್ನೆ. ಪೇಟೆಯವರು ಕಟ್ಟಿದ ತೆರಿಗೆಯಲ್ಲಿ ಹಳ್ಳಿಗೆ ಧರ್ಮ ಮಾಡುತ್ತಿದ್ದೇವೆ ಎಂಬ ಧಾಟಿಯಲ್ಲಿ ಮಾತಾಡುವವರಿದ್ದಾರೆ. ಟೆಲಿಫೋನ್ ಕಂಪನಿಗಳ ವರಮಾನದಲ್ಲಿ ನೂರಕ್ಕೆ 5ರಂತೆ ತೆಗೆದಿಡುವ ನಿಧಿಯೊಂದು 2002ರಿಂದ ಇದೆ. ಹಳ್ಳಿಗಾಡಿಗೆ ಫೋನು ಮುಟ್ಟಿಸುವುದಕ್ಕೆಂದೇ ಹುಟ್ಟಿದ ನಿಧಿ ಅದು. 2023ರ ಕಾಯ್ದೆಯಲ್ಲಿ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು ಬದಲಾಯಿತು. ಕಂಪನಿ ಕಟ್ಟುವ ಆ ಐದು ರೂಪಾಯಿ ಬರುವುದು ನಾವು ನೀವು ಹಾಕಿಸುವ ರೀಚಾರ್ಜಿನಿಂದ. ಮಳವಳ್ಳಿಯ ಕೂಲಿಯಾಳು ಹಾಕಿಸಿದ ರೀಚಾರ್ಜಿನ ಪಾಲೂ ಅದರಲ್ಲಿದೆ. ಆದ್ದರಿಂದ ಇದು ದಾನವಲ್ಲ. ನಾವು ಮುಂಗಡ ಕೊಟ್ಟಿದ್ದೇವೆ, ಮಾಲು ಇನ್ನೂ ಬಂದಿಲ್ಲ.

ಇನ್ನು ದೆಹಲಿಯಲ್ಲಿ ನಡೆಯುತ್ತಿರುವ ವಾದ ಏನು? ಒಬ್ಬರು, ಸರ್ಕಾರದ ಬಿಎಸ್‌ಎನ್‌ಎಲ್ ಕೈಲಿ ಇದು ಆಗುವುದಿಲ್ಲ, ಖಾಸಗಿಯವರಿಗೆ ಕೊಡಿ ಅನ್ನುತ್ತಾರೆ. 2021ರಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಹಾಗೇ ಕೊಡಲು ಹೊರಟರು. 19 ಸಾವಿರ ಕೋಟಿಯಷ್ಟು ಸರ್ಕಾರವೇ ತುಂಬಿಕೊಡುತ್ತೇನೆ ಅಂದರೂ ಆ ಟೆಂಡರು ಫಲಿಸಲಿಲ್ಲ. ಲಾಭ ಇಲ್ಲದ ಹಳ್ಳಿ ಖಾಸಗಿಯವರಿಗೂ ಬೇಡ. ಇನ್ನೊಬ್ಬರು, ಕೇಬಲ್ ಯಾಕೆ, ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆಯಲ್ಲ ಅನ್ನುತ್ತಾರೆ. 2016ರಲ್ಲಿ ಅಗ್ಗದ ಡೇಟಾ ಬಂದದ್ದು ನಿಜ. ಆದರೆ 2024ರ ಜುಲೈನಲ್ಲಿ ಮೂರು ದೊಡ್ಡ ಖಾಸಗಿ ಕಂಪನಿಗಳೂ ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದವು. ನಮ್ಮನ್ನು ಯಾರೂ ಕೇಳಲಿಲ್ಲ. ಎಳನೀರಿಗೆ ಒಬ್ಬನೇ ವರ್ತಕ ಬಂದ ದಿನ ಮದ್ದೂರು ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂಬುದು ಬೆಳೆದವನಿಗೆ ಗೊತ್ತು. ಡೇರಿ ಇರುವುದರಿಂದಲೇ ಖಾಸಗಿ ಹಾಲಿನವನು ಬೆಲೆ ಇಳಿಸಲು ಹಿಂದೆಮುಂದೆ ನೋಡುತ್ತಾನೆ. ಸರ್ಕಾರದ ತಂತಿ ಊರಲ್ಲಿರುವುದು ಅದೇ ಕಾರಣಕ್ಕೆ ಅಗತ್ಯ.

ಆದರೆ ಸರ್ಕಾರದ್ದು ಅಂದ ಮಾತ್ರಕ್ಕೆ ಸರಿಯಾಗಿ ನಡೆಯುತ್ತದೆ ಎಂದು ಮಂಡ್ಯದವರಿಗೆ ಹೇಳಲು ಬರಬೇಡಿ. 1933ರ ಮೈಷುಗರ್ ಸರ್ಕಾರದ್ದೇ. ಅದು ವರ್ಷಗಟ್ಟಲೆ ನಿಂತು, ಹೋರಾಟ ಮಾಡಿ ಮಾಡಿ 2022ರಲ್ಲಿ ಮತ್ತೆ ಕಬ್ಬು ಅರೆಯಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಕ್ಕೆ ಖಾಸಗಿಗೆ ಗುತ್ತಿಗೆ ಕೊಟ್ಟರು. ಸರ್ಕಾರದ್ದೋ ಖಾಸಗಿಯದೋ ಎಂದು ವಿಧಾನಸೌಧದಲ್ಲಿ ವಾದ ನಡೆಯುತ್ತಿದ್ದಾಗ ಕಬ್ಬು ಒಣಗಿದ್ದು ಯಾರ ಗದ್ದೆಯಲ್ಲಿ? ಭಾರತ್‌ನೆಟ್ ವಿಚಾರದಲ್ಲೂ ಯಾರ ಹೆಸರಿನ ಯೋಜನೆ, ಯಾರ ಕಾಲದಲ್ಲಿ ಎಷ್ಟು ಕಿಲೋಮೀಟರ್ ಎಂಬ ವಾದದಲ್ಲಿ ಹದಿಮೂರು ಹದಿನಾಲ್ಕು ವರ್ಷ ಹೋಯಿತು. ಕಡೇ ಫರ್ಲಾಂಗಿನ ಮಾತನ್ನು ಯಾರೂ ಎತ್ತಲಿಲ್ಲ.

ಆ ಕಡೇ ಫರ್ಲಾಂಗೇ ನಮ್ಮ ಪ್ರಶ್ನೆ. 2025ರ ಆರಂಭದಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ ಇದು: ಕೇಬಲ್ ಮುಟ್ಟಿದ ಪಂಚಾಯ್ತಿಗಳು 2.14 ಲಕ್ಷ, ಎಳೆದ ಕೇಬಲ್ ಸುಮಾರು 6.9 ಲಕ್ಷ ಕಿಲೋಮೀಟರ್. ಅಲ್ಲಿಂದ ಮುಂದಕ್ಕೆ ಕೊಟ್ಟ ಫೈಬರ್ ಸಂಪರ್ಕಗಳು ಸುಮಾರು 12 ಲಕ್ಷ. ಭಾಗಿಸಿ ನೋಡಿ, ಒಂದು ಪಂಚಾಯ್ತಿಗೆ ಆರು ಸಂಪರ್ಕವೂ ಬೀಳುವುದಿಲ್ಲ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ 5 ರಿಂದ 7 ಸಾವಿರ ಜನಕ್ಕೆ ಒಂದು ಪಂಚಾಯ್ತಿ. ಅಷ್ಟು ಜನದ ನಡುವೆ ಆರು! ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ನಮ್ಮ ಸೀಮೆಗೆ ಇದು ಹೊಸದೇನಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಅದು ಸುಮಾರು 147 ಕಿಲೋಮೀಟರ್ ತಂತಿ ಹಿಡಿದು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳು ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ನೀರಿನದೂ ಅಷ್ಟೆ. ಕನ್ನಂಬಾಡಿ ಕಟ್ಟೆ ಕಟ್ಟಿದರು, ವಿಶ್ವೇಶ್ವರಯ್ಯ ನಾಲೆ ತೋಡಿದರು. ಆದರೆ ಮದ್ದೂರು, ಮಳವಳ್ಳಿಯ ಕಡೇ ಭಾಗದ ರೈತ ಇವತ್ತಿಗೂ ಕಾಲುವೆ ಏರಿ ಮೇಲೆ ನಿಂತು ಮೇಲಿನ ದಿಕ್ಕಿಗೆ ನೋಡುತ್ತಿರುತ್ತಾನೆ. ಕಟ್ಟೆಯಲ್ಲಿ ನೀರಿದ್ದರೆ ಸಾಲದು. ತೂಬು ಎತ್ತಬೇಕು, ಹೂಳು ತೆಗೆಯಬೇಕು, ಸರದಿ ನೋಡಬೇಕು. ಅದಕ್ಕೇ ಹಿಂದಿನವರು ಕೆರೆಗೊಬ್ಬ ನೀರುಗಂಟಿಯನ್ನು ಇಟ್ಟಿದ್ದರು. ನೀರು ಬರದಿದ್ದರೆ ಯಾರ ಮನೆ ಬಾಗಿಲಿಗೆ ಹೋಗಬೇಕೆಂದು ಊರಿಗೆಲ್ಲಾ ಗೊತ್ತಿತ್ತು.

ಈ ತಂತಿಗೆ ನೀರುಗಂಟಿ ಯಾರು? ಜೆಸಿಬಿಯವನು ರಸ್ತೆ ಅಗೆದು ಕೇಬಲ್ ಕತ್ತರಿಸಿದರೆ ಕೂಡಿಸುವವರು ಯಾರು, ಎಷ್ಟು ದಿನದಲ್ಲಿ? ಪಿಡಿಒ ಕೇಳಿದರೆ ಬಿಎಸ್‌ಎನ್‌ಎಲ್ ಅನ್ನುತ್ತಾರೆ, ಅವರು ಗುತ್ತಿಗೆದಾರ ಅನ್ನುತ್ತಾರೆ, ಗುತ್ತಿಗೆದಾರ ಬಿಲ್ ಬಂದಿಲ್ಲ ಅನ್ನುತ್ತಾನೆ. ಹೊಸ ಯೋಜನೆಯಲ್ಲಿ ಕೇಬಲನ್ನು ಬಳೆಯಂತೆ ಸುತ್ತು ಹಾಕಿಸಿ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬರುವಂತೆ ಮಾಡುತ್ತಾರಂತೆ. ಹತ್ತು ವರ್ಷದ ನಿರ್ವಹಣೆಯೂ ಸೇರಿದೆ. ಒಳ್ಳೆಯದೇ. ಹತ್ತು ವರ್ಷದ ದುಡ್ಡು ಕೊಡುವಾಗ, ಉತ್ತರ ಹೇಳುವವನ ಹೆಸರನ್ನೂ ಬರೆಯಬೇಕು ತಾನೆ?

ಹೊರದೇಶದ ಒಂದು ಮಾತು. ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಅಲ್ಲಿನ ಲೇಬರ್ ಸರ್ಕಾರ ನೂರಕ್ಕೆ 90 ಮನೆಗೆ ಫೈಬರ್ ಎಳೆಯುತ್ತೇವೆ ಅಂತ ಹೊರಟಿತು. 2010ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಆಗ ಹಳ್ಳಿಗಾಡಿನ ಕ್ಷೇತ್ರದ ಪಕ್ಷೇತರ ಸದಸ್ಯ ಟೋನಿ ವಿಂಡ್ಸರ್ ಆ ಸರ್ಕಾರಕ್ಕೆ ಬೆಂಬಲ ಕೊಡುವಾಗ ಹೇಳಿದ ದೊಡ್ಡ ಕಾರಣಗಳಲ್ಲಿ ಈ ಕೇಬಲ್ಲೂ ಒಂದು. 2013ರಲ್ಲಿ ಬಂದ ಬೇರೆ ಸರ್ಕಾರ ಖರ್ಚು ಉಳಿಸುತ್ತೇವೆ ಎಂದು ಬಹಳಷ್ಟು ಕಡೆ ಕಡೇ ತುಂಡನ್ನು ಹಳೇ ತಾಮ್ರದ ತಂತಿಯಲ್ಲೇ ಬಿಟ್ಟಿತು. ಕೊನೆಗೆ 2020ರಲ್ಲಿ ಅವರೇ ಮತ್ತೆ ಫೈಬರ್ ಹಾಕಲು ಸಾವಿರಾರು ಕೋಟಿ ತೆಗೆದರು. ಕಡೇ ತುಂಡಿನಲ್ಲಿ ಜಿಪುಣತನ ಮಾಡಿದವನು ಎರಡು ಸಲ ಖರ್ಚು ಮಾಡಬೇಕಾಗುತ್ತದೆ. ಅಲ್ಲಿ ಹಳ್ಳಿಯವರು ಇದನ್ನು ಓಟಿನ ಮಾತಾಗಿ ಮಾಡಿದರು. ನಾವು ಇದನ್ನು ಯಾವ ಚುನಾವಣೆಯಲ್ಲಿ ಕೇಳಿದ್ದೇವೆ?

ನಮ್ಮ ಬೇಡಿಕೆ ಸರಳ.

ಒಂದು: ಪ್ರತಿ ಪಂಚಾಯ್ತಿಯ ಬೋರ್ಡಿನ ಮೇಲೆ ಕೇಬಲ್ ಯಾವತ್ತು ಕೆಟ್ಟಿತು, ಯಾವತ್ತು ಸರಿಹೋಯಿತು, ಜವಾಬ್ದಾರಿ ಯಾವ ಅಧಿಕಾರಿಯದು ಎಂದು ಬರೆದು ಹಾಕಬೇಕು. ಗ್ರಾಮಸಭೆಯಲ್ಲಿ ಅದನ್ನು ಓದಬೇಕು.

ಎರಡು: ನೆಟ್‌ವರ್ಕ್ ಇಲ್ಲದ ದಿನವನ್ನು ರೈತನ ಲೆಕ್ಕಕ್ಕೆ ಹಿಡಿಯಬಾರದು. ರೈತ ಸಂಪರ್ಕ ಕೇಂದ್ರದಲ್ಲಿ, ಸಹಕಾರ ಸಂಘದಲ್ಲಿ ಕಾಗದದ ಅರ್ಜಿ ತೆಗೆದುಕೊಂಡು ಸೀಲು ಹಾಕಿದ ರಸೀದಿ ಕೊಡಬೇಕು. ಆ ತಾರೀಖೇ ತಾರೀಖು. ಬಡ್ಡಿಯಿಲ್ಲದ ಬೆಳೆಸಾಲದಲ್ಲಿ ಗಡುವು ಮೀರಿದರೆ ಬಡ್ಡಿ ರಿಯಾಯ್ತಿ ಕೈತಪ್ಪುತ್ತದೆ. ವಿಮೆಯ ಗಡುವು ಮೀರಿದರೆ ಇಡೀ ವರ್ಷದ ಬೆಳೆಗೆ ಗತಿಯಿಲ್ಲ. ತಂತಿ ಕೆಟ್ಟಿದ್ದಕ್ಕೆ ರೈತ ಬಡ್ಡಿ ಕಟ್ಟುವುದು ಯಾವ ನ್ಯಾಯ?

ಮೂರು: ಪಂಚಾಯ್ತಿಯಿಂದ ಮನೆಗೆ ಹೋಗುವ ಕಡೇ ಫರ್ಲಾಂಗನ್ನು ಊರಿನವರ ಕೈಗೇ ಕೊಡಬೇಕು. ಯೋಜನೆಯಲ್ಲಿ ಸ್ಥಳೀಯರೊಬ್ಬರಿಗೆ ವರಮಾನದಲ್ಲಿ ಪಾಲು ಕೊಟ್ಟು ಸಂಪರ್ಕ ಕೊಡಿಸುವ ಏರ್ಪಾಡು ಇದೆ. ಆ ಜಾಗಕ್ಕೆ ಹಾಲಿನ ಡೇರಿ, ಸೇವಾ ಸಹಕಾರ ಸಂಘ, ಓದಿ ಮನೆಯಲ್ಲಿ ಕೂತಿರುವ ನಮ್ಮ ಹುಡುಗರು ಮೊದಲು ಬರಲಿ. ಬೆಂಗಳೂರಿನ ಗುತ್ತಿಗೆದಾರನ ಹಿಂಬಾಲಕ ಬೇಡ.

ಬಂಧುಗಳೇ, ಮುಂದಿನ ಗ್ರಾಮಸಭೆಗೆ ಸುಮ್ಮನೆ ಹೋಗಬೇಡಿ. ಪಂಚಾಯ್ತಿ ಕಚೇರಿಯೊಳಗೆ ಹೋಗಿ ಭಾರತ್‌ನೆಟ್ ಪೆಟ್ಟಿಗೆ ಎಲ್ಲಿದೆ, ಅದರ ದೀಪ ಉರಿಯುತ್ತಿದೆಯೋ ಇಲ್ಲವೋ ಕಣ್ಣಾರೆ ನೋಡಿ. ಉರಿಯದಿದ್ದರೆ ಎಷ್ಟು ದಿನದಿಂದ ಉರಿದಿಲ್ಲ ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ನಕಲು ತೆಗೆದುಕೊಂಡು ಬನ್ನಿ. ಬಾಯಿಮಾತಿಗೆ ಒಪ್ಪಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿಯ ಎಲ್ಲ ಪಂಚಾಯ್ತಿಗಳಿಂದ ಅಂಥ ನಕಲು ಒಟ್ಟಾದರೆ, ಅದನ್ನು ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋಗುವ ದಾರಿ ನಮಗೆಲ್ಲ ಗೊತ್ತೇ ಇದೆ.