ಸಿಡಿಲಿಗೆ ನಾಯಿಯ ಮುಖ ಕೊಟ್ಟವರು



ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಬ್ಲೈತ್‌ಬರ್ಗ್ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿನ ಪವಿತ್ರ ತ್ರಿತ್ವ ದೇವಾಲಯ ಮಾತ್ರ ಬಹಳ ದೊಡ್ಡದು. ಚಾವಣಿಯ ತುಂಬ ರೆಕ್ಕೆ ಚಾಚಿದ ಮರದ ದೇವದೂತರು. ಆದರೂ ಹೆಸರಾಗಿರುವುದು ಅದರ ಉತ್ತರದ ಬಾಗಿಲು. ಅದರ ಮೇಲೆ ಸುಟ್ಟ ಕಪ್ಪು ಗುರುತುಗಳಿವೆ. ಸೈತಾನನ ನಾಯಿ ‘ಬ್ಲ್ಯಾಕ್ ಶಕ್’ ಉಗುರಿನಿಂದ ಗೀರಿದ್ದಂತೆ!

ಕಥೆ ಕೇಳಲು ಚೆನ್ನಾಗಿದೆ. ನನ್ನ ತಕರಾರು ಬೇರೆ.

1577ರ ಆಗಸ್ಟ್ 4, ಭಾನುವಾರ. ಜನ ಆರಾಧನೆಯಲ್ಲಿದ್ದಾಗ ಸಿಡಿಲು ಬಡಿಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ನೆಲಕ್ಕುರುಳಿದರು. ನಲವತ್ತು ದಾಟಿದ ಒಬ್ಬ ಗಂಡಸು, 15 ವರ್ಷದ ಒಬ್ಬ ಹುಡುಗ ಸತ್ತರು. ಅದೇ ದಿನ ಹತ್ತಿರದ ಬಂಗೆ ಊರಿನ ಸಂತ ಮೇರಿ ದೇವಾಲಯದಲ್ಲೂ ಇಬ್ಬರು ತೀರಿಕೊಂಡರು. ಅಲ್ಲಿಯ ದಾಖಲೆ ಪುಸ್ತಕ ಅವರ ಹೆಸರು ಹೇಳುತ್ತದೆ: ಜಾನ್ ಫುಲ್ಲರ್, ಆಡಮ್ ವಾಕರ್. ಪ್ರಾರ್ಥನೆಯ ವೇಳೆ, ಗಂಟೆಗೋಪುರದಲ್ಲಿ, ಬಿರುಗಾಳಿಗೆ ಸಿಕ್ಕಿ ಸತ್ತರು ಎಂದು ಬರೆದಿದೆ. ನಾಯಿಯ ಮಾತೇ ಇಲ್ಲ.

ಹಾಗಾದರೆ ನಾಯಿ ಎಲ್ಲಿಂದ ಬಂತು? ಅಬ್ರಹಾಂ ಫ್ಲೆಮಿಂಗ್ ಎಂಬ ಲೇಖಕ ಲಂಡನ್ನಿನಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಅದರಲ್ಲಿ ಕರಿನಾಯಿಯ ರೂಪ ತಾಳಿದ ಸೈತಾನ ಜನರ ನಡುವೆ ಓಡುತ್ತಾನೆ, ಮೊಣಕಾಲೂರಿದವರ ಕತ್ತು ತಿರುಚುತ್ತಾನೆ. ಇದು ದೇವರ ಎಚ್ಚರಿಕೆ, ಪಶ್ಚಾತ್ತಾಪಪಡಿ ಎಂದು ಉಪದೇಶವೂ ಇದೆ. ಇಂಥ ‘ಸಾಕ್ಷಿ’ಗಳು ಇಂದು ನಮ್ಮ ವಾಟ್ಸಾಪಿಗೂ ಬರುತ್ತವೆ, ಕೊನೆಗೆ ಹತ್ತು ಜನರಿಗೆ ಕಳಿಸಿ ಎಂದಿರುತ್ತದೆ.

ಸಿಲೋವಾಮಿನಲ್ಲಿ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೇ ಎಂದು ಕೇಳಿ, ಅಲ್ಲ ಎಂದವರು ಯೇಸುಸ್ವಾಮಿಯೇ. ಅವರೂ ಪಶ್ಚಾತ್ತಾಪದ ಮಾತಾಡಿದರು, ನಿಜ. ಆದರೆ ಸತ್ತವರ ಮೇಲೆ ಸೈತಾನನನ್ನು ಛೂ ಬಿಡಲಿಲ್ಲ. ಪ್ರಾರ್ಥಿಸುತ್ತಿದ್ದವರ ಕತ್ತನ್ನು ಸೈತಾನ ಮುರಿದ ಎಂದರೆ, ಅವರ ಮನೆಯವರು ಮುಂದಿನ ಭಾನುವಾರ ಯಾವ ಮುಖ ಹೊತ್ತು ಅದೇ ಬಾಗಿಲು ದಾಟಬೇಕು?

ಆ ದೇವದೂತರಿಗೂ ಒಂದು ಕಥೆಯಿದೆ. ಅವರ ಮೈಗೆ ಹೊಕ್ಕ ಗುಂಡುಗಳು, 1644ರಲ್ಲಿ ವಿಗ್ರಹ ಒಡೆಯಲು ಬಂದ ವಿಲಿಯಂ ಡೌಸಿಂಗ್‌ನ ಕಡೆಯವರವು ಎನ್ನುತ್ತಿದ್ದರು. ನೋಡಿದರೆ ಅವು ಹದಿನೆಂಟನೇ ಶತಮಾನದವು, ಚಾವಣಿ ಸೇರಿದ ಕಾಗೆಜಾತಿಯ ಹಕ್ಕಿಗಳಿಗೆ ಹೊಡೆದದ್ದು! ಡೌಸಿಂಗ್ ಸಾಚಾ ಅಲ್ಲ, ಒಡೆದದ್ದು ಬಹಳ. ಆದರೆ ಮಾಡದ್ದನ್ನೂ ಅವನ ತಲೆಗೆ ಕಟ್ಟುವುದು ಸುಲಭವಾಯಿತು.

ಪ್ರವಾಸಿಗರು ಬರುತ್ತಾರೆ, ದೇವಾಲಯದ ದುರಸ್ತಿಗೆ ಕಾಸಾಗುತ್ತದೆ, ಕಥೆಯಿಂದ ಯಾರಿಗೇನು ನಷ್ಟ ಎನ್ನಬಹುದು. ಬರಲಿ, ಬಾಗಿಲನ್ನೂ ನೋಡಲಿ. ಬಂಗೆಯಲ್ಲಿ ಊರ ಲಾಂಛನದ ಮೇಲೂ ಪೇಟೆಯ ಗಾಳಿಸೂಚಕದ ಮೇಲೂ ಕರಿನಾಯಿಯಿದೆ. ಫುಲ್ಲರ್, ವಾಕರ್ ಅವರ ಹೆಸರಾದರೂ ಒಂದು ಹಳೇ ಪುಸ್ತಕದಲ್ಲಿ ಉಳಿಯಿತು. ಬ್ಲೈತ್‌ಬರ್ಗಿನ ಆ ಹುಡುಗನದು ವಯಸ್ಸಷ್ಟೇ ಉಳಿದಿದೆ, 15.